ಹದಿನಾಲ್ಕನೇ ನಂಬರಿನ ಮೋಟಾರು

ಶಾಸಕರು ಹನ್ನೊಂದಕ್ಕೆ ಬರುತ್ತಾರೆ ಎಂದರೆ ಒಂದೂವರೆಗೆ ಊಟ ರೆಡಿ ಇರಬೇಕು ಎಂದು ಅರ್ಥ. ಮಲೆನಾಡಿನ ಮೂರು ಊರುಗಳ ಪಟ್ಟಣ ಪಂಚಾಯಿತಿ, ಪುರಸಭೆಗಳಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು ನಾನು. ಇಷ್ಟು ಕಲಿಯಲು ಮೊದಲ ಎರಡು ವರ್ಷ ಸಾಕಾಯಿತು.

ಈಗ ಶಿವಮೊಗ್ಗದಲ್ಲಿ ಮನೆ. ಮಳೆ ಜೋರಾದರೆ ಕೋರ್ಪಲಯ್ಯನ ಛತ್ರದ ಹತ್ತಿರ ಹೋಗಿ, ತುಂಗೆಯ ಮಂಟಪ ಎಷ್ಟು ಮುಳುಗಿದೆ ಎಂದು ನೋಡಿಕೊಂಡು ಬರುವುದು ಊರಿನ ಅರ್ಧ ಜನರ ಹಾಗೆ ನನ್ನದೂ ಚಟ. ಮೊನ್ನೆ ಅಲ್ಲಿ ಹಳೇ ಊರಿನ ವಾಟರ್‌ಮನ್ ಸಿಕ್ಕಿದ. ಮಗಳನ್ನು ಕಾಲೇಜಿಗೆ ಸೇರಿಸಲು ಬಂದಿದ್ದನಂತೆ. ಕ್ಷೇಮ ಸಮಾಚಾರಕ್ಕೂ ಮೊದಲೇ, "ಸಾರ್, ನಿಮ್ಮ ಹದಿನಾಲ್ಕನೇ ನಂಬರು ಇನ್ನೂ ಓಡ್ತಾ ಇದೆ" ಎಂದ. ಆ ಹುಡುಗಿ ನಮ್ಮಿಬ್ಬರ ಮುಖವನ್ನೂ ನೋಡಿತು.

ಆ ಊರಿನ ಹೆಸರು ಬರೆಯುವುದಿಲ್ಲ. ಆಗ ಇದ್ದವರೆಲ್ಲ ಇನ್ನೂ ಮದುವೆ ಮನೆಗಳಲ್ಲಿ ಎದುರಾಗುತ್ತಾರೆ.

ಊರಿಗೆ ನೀರು ಹೊಳೆಯಿಂದ. ಹೊಳೆ ದಂಡೆಯ ಜಾಕ್‌ವೆಲ್ಲಿನಲ್ಲಿ, ಅಂದರೆ ನೀರೆತ್ತುವ ಬಾವಿಯಲ್ಲಿ, ಎರಡು ಮೋಟಾರು: ಒಂದು ಓಡುವುದು, ಇನ್ನೊಂದು ಅದು ಕೈಕೊಟ್ಟರೆ ಇರಲಿ ಎಂದು. ಆ ಇನ್ನೊಂದು ಸುಟ್ಟು, ರಿವೈಂಡಿಂಗ್ ಆಗಿ, ಮತ್ತೆ ಸುಟ್ಟು, ಕೊನೆಗೆ ಪಂಪ್‌ಹೌಸಿನ ಮೂಲೆಯಲ್ಲಿ ಕೂತಿತ್ತು. ಅದರ ಮೇಲೆ ವಾಟರ್‌ಮನ್ ಊಟದ ಡಬ್ಬಿ ಇಡುತ್ತಿದ್ದ. ಹೊಸದಕ್ಕೆ ನಮ್ಮ ಜೂನಿಯರ್ ಎಂಜಿನಿಯರ್, ಅಂದರೆ ಜೆಇ, ಹಾಕಿದ ಅಂದಾಜು ಏಳು ಲಕ್ಷ.

ಅಷ್ಟೂ ಇರಲಿಲ್ಲವಾ ಅಂತ ಕೇಳಬಹುದು. ಇತ್ತು, ಆದರೆ ಪ್ರತಿ ರೂಪಾಯಿಯ ಹಣೆಯ ಮೇಲೂ ಏನೋ ಬರೆದಿರುತ್ತಿತ್ತು. 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ನಮ್ಮಂಥ ಊರುಗಳಿಗೆ ಶೇ 60 ಟೈಡ್. ಅಂದರೆ ಕುಡಿಯುವ ನೀರು, ಕಸ, ನೈರ್ಮಲ್ಯ ಅಂತ ಮೊದಲೇ ಕಟ್ಟಿಹಾಕಿದ್ದು. ಮೋಟಾರು ಅದರಲ್ಲೇ ಬರಬೇಕಿತ್ತು, ನಿಜ. ಆದರೆ ಆ ವರ್ಷದ ನೀರಿನ ಬಾಬತ್ತು ಹಿಂದಿನ ಪೈಪ್‌ಲೈನಿನ ಬಾಕಿ ಬಿಲ್ಲಿಗೆ ಹೋಗಿಬಿಟ್ಟಿತ್ತು. ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ನಿಧಿ, ಸ್ವಂತ ನಿಧಿಗಳಲ್ಲಿ ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ. ಅದು ಇರಲೇಬೇಕಾದ್ದು, ಅದರ ಬಗ್ಗೆ ನನ್ನ ತಕರಾರಿಲ್ಲ. ಉಳಿದದ್ದರಲ್ಲಿ ಹೊರಗುತ್ತಿಗೆಯವರ ಸಂಬಳ, ಟ್ರ್ಯಾಕ್ಟರ್ ಡೀಸೆಲ್, ಬ್ಲೀಚಿಂಗ್ ಪೌಡರ್, ಬೀದಿ ದೀಪ. ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ಸಂತೆ ಸುಂಕ ಎಲ್ಲ ಕೂಡಿಸಿದರೂ ತಿಂಗಳ ಕೊನೆಗೆ ಎಳೆದಾಟವೇ.

ಹಾಗಾಗಿ ಶಾಸಕರು, ಅವರ ಪ್ರದೇಶಾಭಿವೃದ್ಧಿ ನಿಧಿ. ಅವರು ಕೌನ್ಸಿಲ್ಲಿಗೆ ಹೊರಗಿನವರೇನಲ್ಲ. 1964ರ ಪುರಸಭೆಗಳ ಕಾಯ್ದೆಯಲ್ಲಿ ಅವರೂ ಸದಸ್ಯರೇ, ಅಧ್ಯಕ್ಷರ ಆಯ್ಕೆಯಲ್ಲಿ ಅವರ ಓಟೂ ಒಂದು. ಆದರೆ ಅವರು ಬಂದ ದಿನ ಕುರ್ಚಿಯ ಮೇಲೆ ಹೊಸ ಟವೆಲ್ ಬೀಳುತ್ತಿತ್ತು, ಅಧ್ಯಕ್ಷರು ಪಕ್ಕದ ಪ್ಲಾಸ್ಟಿಕ್ ಕುರ್ಚಿಗೆ ಸರಿಯುತ್ತಿದ್ದರು.

ಶಾಸಕರು ಬರುವ ಮುಂಚಿನ ವಾರ ಪೂರ್ವಭಾವಿ ಸಭೆ. ಕಾಮಗಾರಿಗಳ ಆದ್ಯತಾ ಪಟ್ಟಿ ಮಾಡಬೇಕು. ಹದಿನೈದು ವಾರ್ಡು, ಹದಿನೈದು ಆದ್ಯತೆ, ಎಲ್ಲರದ್ದೂ ಮೊದಲನೆಯದೇ. ಜೆಇ ಮೋಟಾರನ್ನು ಮೂರನೇ ನಂಬರಿಗೆ ಬರೆಸಿದ್ದರು. ಒಬ್ಬ ಸದಸ್ಯರು ಕನ್ನಡಕ ಮೇಲೆತ್ತಿ ಕೇಳಿದರು: "ಎಂಥ ಮಾರಾಯ್ರೆ, ಬಾವಿಯೊಳಗೆ ಇಳಿದು ಗುದ್ದಲಿ ಪೂಜೆ ಮಾಡ್ತೀರಾ?" ಎಲ್ಲರೂ ನಕ್ಕರು, ನಾನೂ. ಸಂಜೆ ಅಧ್ಯಕ್ಷರು ನನ್ನ ಟೇಬಲ್ಲಿಗೆ ಬಂದು, "ಮೂರರಲ್ಲಿ ಬೇಡ, ಸ್ವಲ್ಪ ಕೆಳಗೆ ಹಾಕಿ" ಎಂದರು. ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಸಾಲನ್ನು ಕಟ್ ಮಾಡಿ ಕೆಳಗೆ ಪೇಸ್ಟ್ ಮಾಡಲು ಎಷ್ಟು ಹೊತ್ತು? ಹದಿನಾಲ್ಕಕ್ಕೆ ಹೋಯಿತು. ಮೂರಕ್ಕೆ ಸಮುದಾಯ ಭವನದ ಮೇಲ್ಛಾವಣಿ ಬಂತು.

ಸಭೆಯ ದಿನ ಹೋಳಿಗೆ ಊಟ, ಅಪ್ಪೆಮಿಡಿ ಉಪ್ಪಿನಕಾಯಿ. ಊಟವಾದ ಮೇಲೆ ಶಾಸಕರು ಪಟ್ಟಿ ತೆಗೆದುಕೊಂಡು ಪಿಎ ಕೈಯಿಂದ ಹಸಿರು ಶಾಯಿಯ ಪೆನ್ನು ಇಸಿದುಕೊಂಡರು. ನಾನು ನಡಾವಳಿ ಪುಸ್ತಕ ಹಿಡಿದು ಹಿಂದೆ ನಿಂತಿದ್ದೆ, ಹಾಳೆ ಚೆನ್ನಾಗಿ ಕಾಣುತ್ತಿತ್ತು. ಒಂದಕ್ಕೆ ಟಿಕ್, ಎರಡಕ್ಕೆ ಟಿಕ್, ಮೂರಕ್ಕೆ ದೊಡ್ಡ ಟಿಕ್. ಏಳರ ಎದುರು ಪ್ರಶ್ನಾರ್ಥಕ ಚಿಹ್ನೆ. ಹನ್ನೆರಡಕ್ಕೆ ಪುಟ ಮುಗಿಯುತ್ತಿತ್ತು. ಅಲ್ಲಿಗೆ ಪೆನ್ನಿನ ಕ್ಯಾಪ್ ಹಾಕಿದರು. ಎರಡನೇ ಪುಟ ಇತ್ತು, ಪಿನ್ ಹೊಡೆದವನು ನಾನೇ. ಅದನ್ನು ಅವರು ತಿರುವಲಿಲ್ಲ. "ಸಾರ್, ಹಿಂದೆ ಇನ್ನೊಂದು ಪುಟ ಇದೆ" ಎನ್ನಲು ನನಗೆ ಬಾಯಿ ಬರಲಿಲ್ಲ.

ಹೇಳಿದ್ದು ಆರನೇ ವಾರ್ಡಿನ ಸದಸ್ಯೆ. ಎಲ್ಲರೂ ಅಕ್ಕ ಎನ್ನುತ್ತಿದ್ದರು, ಶಾಸಕರೂ. ವರ್ಷದಲ್ಲಿ ಎರಡು ಸಲ ಮಾತಾಡಿದರೆ ಹೆಚ್ಚು. ಅವತ್ತು ಎದ್ದು ನಿಂತು ಬೆರಳು ಮಡಚುತ್ತಾ ಹೋದರು:

"ದುಡ್ಡು ಘೋಷಣೆ ಆಗೋದು ಯುಗಾದಿಗೆ. ಆದೇಶ ಕೈಗೆ ಬರೋದು ಆಷಾಢಕ್ಕೆ. ಕ್ರಿಯಾ ಯೋಜನೆ ಡಿಸಿ ಆಫೀಸಿಗೆ ಹೋಗಿ ಬರೋ ಹೊತ್ತಿಗೆ ದಸರಾ. ಟೆಂಡರು ದೀಪಾವಳಿಗೆ, ಕೆಲಸ ಸಂಕ್ರಾಂತಿಗೆ. ಶಿವರಾತ್ರಿ ಆದ್ಮೇಲೆ ಮಾರ್ಚ್ ಮೂವತ್ತೊಂದು ಅಂತ ಬಿಲ್ಲಿನ ಓಡಾಟ. ಉಳಿದ ಕೆಲಸ ಮಳೇಲಿ ಮಾಡ್ತಾರೆ, ಮಳೆ ಅದನ್ನ ತೊಳೀತದೆ. ಮೋಟಾರು ಹಾಗಲ್ಲ ಅಣ್ಣ. ಅದಕ್ಕೆ ಡಾಂಬರು ಬೇಡ, ಬಿಸಿಲೂ ಬೇಡ. ಈಗ ಕೊಟ್ರೆ ಈಗ ಕೂರ್‍ತದೆ."

ಶಾಸಕರು ಸಿಟ್ಟಾಗಲಿಲ್ಲ. "ಅಕ್ಕ, ನನ್ನ ಕೈಲಿರೋದು ವರ್ಷಕ್ಕೆ 2 ಕೋಟಿ. ಎರಡು ತಾಲ್ಲೂಕು. ಹಳ್ಳಿಗೆ ಹೋದ್ರೆ ಕಾಲುಸಂಕ ಕೇಳ್ತಾರೆ, ಮಕ್ಕಳು ಹಳ್ಳ ದಾಟ್ಬೇಕು ಅಂತಾರೆ. ನಿಮ್ಮೂರಿಗೆ ಮೋಟಾರು ಕೊಟ್ಟೆ ಅಂತ ಯಾರ ಕಣ್ಣಿಗೆ ತೋರಿಸ್ಲಿ?" ಎಂದರು. ಆ ಮಾತಿಗೆ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು ಎಂದರೆ ನಗಬೇಡಿ. ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದ್ದು ಅವರೊಬ್ಬರೇ. ಮಳೆಗಾಲದಲ್ಲಿ ಮಲೆನಾಡಿನ ಹಳ್ಳಕ್ಕೆ ಅಡ್ಡ ಹಾಕಿದ ಅಡಿಕೆ ಮರದ ಸಂಕದ ಮೇಲೆ ನಡೆದವರಿಗೆ ಆ ಕಾಲುಸಂಕದ ಲೆಕ್ಕವೂ ಸುಳ್ಳಲ್ಲ ಅಂತ ಗೊತ್ತು. ನಡಾವಳಿಯಲ್ಲಿ ನಾನು ಬರೆದದ್ದು: "ಸದರಿ ವಿಷಯವನ್ನು ಮುಂದಿನ ಸಾಲಿನಲ್ಲಿ ಪರಿಗಣಿಸಲು ತೀರ್ಮಾನಿಸಲಾಯಿತು."

ಪುಷ್ಯ ಮಳೆ ಹೊಯ್ಯುವಾಗ ಒಂದು ರಾತ್ರಿ ಲೈನಿನ ಮೇಲೆ ಮರ ಬಿತ್ತು. ಕರೆಂಟು ಹೋಗಿ ಬಂದು, ಬಂದು ಹೋಗಿ, ಇದ್ದ ಒಂದು ಮೋಟಾರೂ ಸುಟ್ಟಿತು. ಬಿಚ್ಚಿ ಶಿವಮೊಗ್ಗಕ್ಕೆ ಕಳಿಸಿ ವೈಂಡಿಂಗ್ ಮಾಡಿಸಿ ತರಲು ನಾಲ್ಕು ದಿನ. ಸುರಿಯುವ ಮಳೆಯಲ್ಲಿ ಟ್ಯಾಂಕರಿನಲ್ಲಿ ನೀರು ಹಂಚಿದೆವು. ಜನ ಸೂರಿನ ನೀರಿಗೆ ಕೊಡಪಾನ ಇಟ್ಟುಕೊಂಡು, ನಮ್ಮ ಟ್ಯಾಂಕರ್ ಕಂಡರೆ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಬೈದಿದ್ದರೆ ಪರವಾಗಿರಲಿಲ್ಲ.

ಮುಂದಿನ ವರ್ಷದ ಪಟ್ಟಿಯನ್ನು ನಾನೇ ಕೂತು ಮಾಡಿದೆ. ಮೊದಲನೆಯದಾಗಿ ಅಕ್ಷರದ ಗಾತ್ರ ಹದಿನಾಲ್ಕರಿಂದ ಹನ್ನೆರಡಕ್ಕೆ ಇಳಿಸಿ ಎಲ್ಲವನ್ನೂ ಒಂದೇ ಪುಟಕ್ಕೆ ತಂದೆ. ಆಮೇಲೆ ಜೆಇ ಜೊತೆ ಕೂತು ಮೋಟಾರಿನ ಹೆಸರು ಬದಲಿಸಿದೆ: "ಜಾಕ್‌ವೆಲ್ ಪಂಪ್‌ಹೌಸ್ ನವೀಕರಣ ಮತ್ತು ಪೂರಕ ಕಾಮಗಾರಿ". ಗೋಡೆಗೆ ಬಣ್ಣ, ಮುಂದೊಂದು ಜಗಲಿ, ಸೋರುತ್ತಿದ್ದ ಮಾಡಿಗೆ ಹೊಸ ಶೀಟು, ಒಂದು ಗ್ರಾನೈಟ್ ಕಲ್ಲು. ಅಂದಾಜುಪಟ್ಟಿಯ ಕೊನೆಯಲ್ಲಿ ಪೂರಕ ಕಾಮಗಾರಿ ಎಂದು ಮೋಟಾರು. ಸುಳ್ಳು ಒಂದಕ್ಷರವೂ ಇರಲಿಲ್ಲ, ಆಡಿಟ್‌ನವರೂ ಕೇಳಲಿಲ್ಲ. ಸಭೆಯಲ್ಲಿ ಪಟ್ಟಿ ಓದುವಾಗ ಅಕ್ಕ ಮಾತ್ರ ನನ್ನ ಕಡೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಟಿಕ್ ಬಿತ್ತು. ಹೊಳೆ ದಂಡೆಯಲ್ಲಿ ಶಾಮಿಯಾನ, ಗುದ್ದಲಿ ಪೂಜೆ, ಫೋಟೊ ಎಲ್ಲ ಆಯಿತು. ಆಫೀಸಿನಲ್ಲಿ ಮಾತ್ರ ಆ ಮೋಟಾರಿಗೆ ಹದಿನಾಲ್ಕನೇ ನಂಬರು ಎಂಬ ಹೆಸರೇ ಉಳಿಯಿತು.

ಅದನ್ನೇ ಮೊನ್ನೆ ವಾಟರ್‌ಮನ್ ಹೇಳಿದ್ದು. ಮಂಟಪದ ಮೇಲಿನ ಅಂಚಷ್ಟೇ ಕಾಣುತ್ತಿತ್ತು. ಅದನ್ನು ನೋಡುತ್ತಲೇ ಕೇಳಿದೆ, "ಕಲ್ಲು ಹೇಗಿದೆ ಮಾರಾಯ?"

"ಇದೆ ಸಾರ್. ಅದರ ಮೇಲ್ಗಡೆ ಒಂದು ಮೊಳೆ ಹೊಡ್ಕೊಂಡಿದೀನಿ, ರೇನ್‌ಕೋಟ್ ನೇತು ಹಾಕೋಕೆ. ದೊಡ್ಡವರ ಹೆಸರೆಲ್ಲ ಅದರಡಿ ಮುಚ್ಚಿ ಹೋಗ್ತದೆ. ಕೆಳಗೆ ಕಂಟ್ರಾಕ್ಟರ್ ಹೆಸರು ಮಾತ್ರ ಕಾಣ್ತದೆ."