ಬ್ರೇಕ್ ಕಾದ ದಿನ

ಮೂರನೇ ಸಲ ಗುಡ್ಡ ಇಳಿಯುವಾಗ ಸೈಕಲ್ಲಿನ ಹಿಂದಿನ ಬ್ರೇಕಿನ ಲಿವರ್ ಪೂರ್ತಿ ಒಳಗೆ ಬಂದು ಹ್ಯಾಂಡಲ್‌ಗೆ ತಾಗಿತು. ಒತ್ತಿದರೆ ಒದ್ದೆ ಸ್ಪಂಜು ಹಿಂಡಿದ ಹಾಗೆ. ಎದುರಿಗೇ ಎಡ ತಿರುವು. ಗಾಬರಿಯಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದೆ. ಕೆಂಪು ಹುಡಿಮಣ್ಣಿನ ಮೇಲೆ ಮುಂದಿನ ಚಕ್ರ ಜಾರಿತು. ಆಮೇಲೆ ನೆನಪಿರುವುದು ಬಳ್ಳಾರಿ ಜಾಲಿಯ ಮುಳ್ಳು, ಹೆಲ್ಮೆಟ್ಟಿನೊಳಗೆ ನನ್ನದೇ ಉಸಿರಿನ ಸದ್ದು.

ಸಂಡೂರಿನ ಹತ್ತಿರ ನಮ್ಮೂರಿನ ಹಿಂದಿನ ಗುಡ್ಡ ಅದು. ಏಪ್ರಿಲ್ ತಿಂಗಳ ಭಾನುವಾರ. ರಾಜ್ಯಮಟ್ಟದ ಡೌನ್‌ಹಿಲ್ ರೇಸಿಗೆ ಮೂರು ವಾರ ಉಳಿದಿತ್ತು. ನಾನು ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ ಮಾಡುವವನು. ವಾರಕ್ಕೆ ಒಂದೇ ದಿನ ಸಿಗುತ್ತದೆ, ಆ ದಿನ ಪೂರ್ತಿ ಈ ಗುಡ್ಡಕ್ಕೆ.

ಡೌನ್‌ಹಿಲ್ ಅಂದರೆ ಬೆಟ್ಟದ ತುದಿಯಿಂದ ಕೆಳಗಿನವರೆಗೆ ಸೈಕಲ್ಲಿನಲ್ಲಿ ಇಳಿಯುವ ರೇಸು. ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಒಬ್ಬೊಬ್ಬರಾಗಿ ಬಿಡುತ್ತಾರೆ. ಬಂಡೆ, ಬೇರು, ಹಾರು, ತಿರುವು ಎಲ್ಲ ದಾಟಿ ಯಾರು ಬೇಗ ಬಂದರು ಅಂತ ಗಡಿಯಾರ ಹೇಳುತ್ತದೆ. ವರ್ಲ್ಡ್ ಕಪ್ಪಿನಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಲೆಕ್ಕ. ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಂನಲ್ಲಿ ಸೈಕಲ್ ಸಮೇತ ಗೊಂಡೋಲಾ, ಅಂದರೆ ತಂತಿಯ ಮೇಲೆ ಓಡುವ ತೊಟ್ಟಿಲು, ಹತ್ತಿ ಮೇಲೆ ಹೋಗುತ್ತಾರೆ. ನನಗೆ ಗೊಂಡೋಲಾ ನನ್ನ ಸೋದರಮಾವನ ಟಾಟಾ ಏಸ್. ಹಳೆಯ ಬಂಡಿ ದಾರಿಯಲ್ಲಿ ಸೈಕಲ್ಲನ್ನೂ ನನ್ನನ್ನೂ ಮೇಲಕ್ಕೆ ಬಿಟ್ಟು, ಅವರು ಕೆಳಗೆ ಬಂದು ಬೇವಿನ ಮರದ ನೆರಳಲ್ಲಿ ಕಾಯುತ್ತಾರೆ. ಡೀಸೆಲ್ ದುಡ್ಡು ಕೊಟ್ಟರೂ ತಗೊಳಲ್ಲ.

ಸೈಕಲ್ ಬೆಂಗಳೂರಿನ ಒಬ್ಬ ಸವಾರರಿಂದ ಕೊಂಡ ಸೆಕೆಂಡ್ ಹ್ಯಾಂಡ್. 16 ಕೆಜಿ ತೂಕ. ಹೊಡೆತ ತಡೆಯುವ ಮುಂದಿನ ಫೋರ್ಕ್ 200 ಮಿಲಿಮೀಟರ್ ಕುಗ್ಗುತ್ತದೆ. ಸೈಕಲ್ಲಿನ ಕಂತು ಕಟ್ಟುತ್ತಾ ಎರಡು ವರ್ಷ ಕಳೆದೆ. ಯೂರೋಪಿನಲ್ಲಿ ವರ್ಲ್ಡ್ ಕಪ್ಪಿಗೆ ಓಡಾಡುವವರೆಲ್ಲ ದೊಡ್ಡ ತಂಡದವರು ಅಂತ ಮೊದಲು ಅಂದುಕೊಂಡಿದ್ದೆ. ಹಾಗಲ್ಲ. ತಂಡ ಸಿಗದವರು ವ್ಯಾನಿನಲ್ಲೇ ಮಲಗಿ, ಅಲ್ಲೇ ಅಡುಗೆ ಮಾಡಿಕೊಂಡು, ತಮ್ಮ ಸೈಕಲ್ ತಾವೇ ರಿಪೇರಿ ಮಾಡಿಕೊಂಡು ಊರಿಂದ ಊರಿಗೆ ಹೋಗುತ್ತಾರೆ. ಅದನ್ನು ತಿಳಿದ ದಿನ ನನಗೆ ತುಂಬಾ ಧೈರ್ಯ ಬಂತು. ಸೈಕಲ್ಲಿನ ಚಕ್ರ ಬಿಚ್ಚಿ, ಗೋಣಿಚೀಲ ಸುತ್ತಿ, ಬಸ್ಸಿನ ಡಿಕ್ಕಿಯಲ್ಲಿಟ್ಟು ರೇಸಿಗೆ ಹೋಗುವ ನಾನೂ ಅದೇ ಸಾಲಿನವನೇ ಅಲ್ವಾ?

ಮುಳ್ಳಿನಿಂದ ಎದ್ದು, ಸೈಕಲ್ ತಳ್ಳಿಕೊಂಡು ಕೆಳಗೆ ಬಂದೆ. ಎಡ ಮಣಿಕಟ್ಟು ಊದಿತ್ತು. ಮಾವ ಏನೂ ಕೇಳಲಿಲ್ಲ. ನೇರ ಹಿಂದಿನ ಚಕ್ರದ ಹತ್ತಿರ ಕುಂತು ಮೂಸಿ ನೋಡಿದರು.

"ಕಾದೈತಿ" ಅಂದರು.

ಬ್ರೇಕ್ ಹಿಡಿಯುವ ಉಕ್ಕಿನ ತಟ್ಟೆ, ಡಿಸ್ಕ್, ನೀಲಿ ಬಣ್ಣಕ್ಕೆ ತಿರುಗಿತ್ತು. ಉಕ್ಕು ವಿಪರೀತ ಕಾದರೆ ಹಾಗಾಗುತ್ತದೆ. ನಾನು ಬಾಟಲಿ ಎತ್ತಿ ನೀರು ಹಾಕಲು ಹೋದೆ. ಮಾವ ಕೈ ಹಿಡಿದರು.

"ಕಾದ ಕಬ್ಬಿಣಕ್ಕ ತಣ್ಣೀರು ಹಾಕ್ತಾರೇನಲೇ? ಸೊಟ್ಟ ಆಕ್ಕೈತಿ. ಬಿಡು, ತಾನಾಗಿ ಆರಲಿ."

ಮಾವನಿಗೆ ಇದು ಗೊತ್ತಿರುವುದಕ್ಕೆ ಕಾರಣ ಇದೆ. ಅವರು ಅದಿರು ಲಾರಿ ಓಡಿಸಿದವರು. ಗಣಿ ಜೋರಾಗಿದ್ದ ಕಾಲದಲ್ಲಿ ಸಂಡೂರಿನಿಂದ ಬೇಲೆಕೇರಿ ಬಂದರಿಗೆ ಅದಿರು ಹೊತ್ತು ಹೋಗುತ್ತಿದ್ದರು. ಹುಬ್ಬಳ್ಳಿ, ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ. ತುಂಬಿದ ಲಾರಿ ಇಳಿಸುವಾಗ ಬ್ರೇಕ್ ಕಾದು ಕೆಲಸ ಬಿಟ್ಟರೆ ಮುಂದೆ ಏನೂ ಇಲ್ಲ. ಸಾಲ ಮಾಡಿ ಸ್ವಂತ ಲಾರಿ ತಗೊಂಡಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ಮನೆ ಮುಂದೆ ನಿಂತಿತು, ಆಮೇಲೆ ಮಾರಿದರು. ಗಣಿ ನಿಂತಿದ್ದು ಸರಿ ಅಂತಲೇ ನಾನು ನಂಬುತ್ತೇನೆ. ನಮ್ಮ ಗುಡ್ಡಗಳನ್ನು ಆ ರೀತಿ ಅಗೆಯಬಾರದಿತ್ತು. ಆದರೆ ಆ ವರ್ಷ ಮಾವ ಖಾಲಿ ಅಂಗಳದಲ್ಲಿ ನಿಂತು ನೋಡುತ್ತಿದ್ದುದು ಇನ್ನೂ ಕಣ್ಣ ಮುಂದಿದೆ.

"ನಡಿ, ಮ್ಯಾಲೆ ಹೋಗೂನು" ಅಂದರು ಮಾವ.

"ಗಾಡಿ ತೆಗೀತೀರಾ?"

"ಗಾಡಿ ಬ್ಯಾಡ. ನಡಕೊಂಡು."

ದೊಡ್ಡ ರೇಸುಗಳಲ್ಲಿ ಸವಾರರು ಮೊದಲು ಮಾಡುವ ಕೆಲಸವೇ ಇದು. ಸೈಕಲ್ ಮುಟ್ಟುವ ಮೊದಲು ಟ್ರ್ಯಾಕ್ ಪೂರ್ತಿ ನಡೆದು ನೋಡುತ್ತಾರೆ. ಒಂದೊಂದು ಕಲ್ಲಿನ ಹತ್ತಿರ ನಿಂತು, ಇದರ ಎಡಕ್ಕೋ ಬಲಕ್ಕೋ ಅಂತ ಮಾತಾಡುತ್ತಾರೆ. ಫೋನಿನಲ್ಲಿ ನೋಡಿ ನೋಡಿ ನನಗೂ ಗೊತ್ತಿತ್ತು. ಆದರೂ ನಾನು ಸರಿಯಾಗಿ ನಡೆದಿರಲಿಲ್ಲ. ಒಂದು ದಿನದ ರಜೆಯಲ್ಲಿ ನಡೆಯುತ್ತಾ ಕೂತರೆ ಇಳಿಯುವುದು ಯಾವಾಗ ಅನ್ನುವ ಆತುರ.

ಎರಡು ಕಿಲೋಮೀಟರ್ ಹತ್ತಲು ಒಂದೂವರೆ ಗಂಟೆ ಹಿಡಿಯಿತು. ಹತ್ತು ಗಂಟೆಯ ಬಿಸಿಲು. ಮಾವ ನೆಲವನ್ನೇ ನೋಡುತ್ತಾ ನಡೆದರು. ನಮ್ಮ ಕಡೆಯ ಕೆಂಪು ಹುಡಿ ಸಣ್ಣ, ಪೌಡರ್ ಇದ್ದ ಹಾಗೆ. ಟೈರಿನ ಗುರುತು ಅಚ್ಚು ಒತ್ತಿದಂತೆ ಉಳಿದಿರುತ್ತದೆ. ಚಕ್ರ ಸುಮ್ನೆ ಉರುಳಿದ ಕಡೆ ಟೈರಿನ ಉಬ್ಬುಗಳ ಗುರುತು ಒಂದೊಂದೂ ಕಾಣುತ್ತವೆ. ಬ್ರೇಕ್ ಹಿಡಿದ ಕಡೆ ಅವು ಅಳಿಸಿ, ಉಜ್ಜಿದ ಗೆರೆ ಮಾತ್ರ. ನನ್ನ ಹಿಂದಿನ ಚಕ್ರದ ಉಜ್ಜಿದ ಗೆರೆ ಕೆಳಗಿನಿಂದ ಮೇಲಿನವರೆಗೆ ನಿಂತೇ ಇರಲಿಲ್ಲ.

"ಇಲ್ಲಿ ಯಾಕ ಹಿಡಿದಿ?"

"ಮುಂದೆ ಇಳಿಜಾರು ಐತಿ ಮಾವ."

"ಇಳಿಜಾರು ನೆಟ್ಟಗ ಐತಿ. ಹಿಡಿಯೋದು ಎದಕ್ಕ?"

ನನ್ನ ಬಾಯಿಂದ ಉತ್ತರ ಬರಲಿಲ್ಲ. ಹೆದರಿಕೆಗೆ ಹಿಡಿದಿದ್ದೆ. ಬೆರಳು ಲಿವರ್ ಮೇಲಿದ್ದರೆ ಒಂಥರಾ ಸಮಾಧಾನ. ಆ ಸಮಾಧಾನವೇ ಡಿಸ್ಕನ್ನು ಕಾಯಿಸುತ್ತಿತ್ತು. ಸ್ವಲ್ಪ ಸ್ವಲ್ಪ ಹಿಡಿದುಕೊಂಡೇ ಇಳಿದರೆ ಡಿಸ್ಕಿಗೆ ಆರಲು ಹೊತ್ತೇ ಸಿಗುವುದಿಲ್ಲ. ವೇಗ ಬೇರೆ ಹೋಗುತ್ತದೆ.

ಘಟ್ಟದಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಇಳಿಯುವವನು ಡ್ರೈವರ್ ಅಲ್ಲ ಅಂದರು ಮಾವ. ಲಾರಿಯನ್ನು ಗೇರಿನಲ್ಲಿ ಇಳಿಸಬೇಕು. ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಒತ್ತಿ, ಕೂಡಲೇ ಬಿಡಬೇಕು. ಸೈಕಲ್ಲಿಗೆ ಎಂಜಿನ್ ಇಲ್ಲ, ಗೇರಿನಲ್ಲಿ ತಡೆಯಲು ಆಗುವುದಿಲ್ಲ. ಆದರೆ ಎರಡನೇ ಮಾತು ಪೂರ್ತಿ ಹೊಂದುತ್ತದೆ. ತಿರುವಿಗೆ ಮೊದಲು, ಸೈಕಲ್ ನೆಟ್ಟಗಿರುವಾಗ, ಎರಡೂ ಬ್ರೇಕ್ ಜೋರಾಗಿ ಹಿಡಿ. ತಿರುವಿನೊಳಗೆ ಬಿಟ್ಟುಬಿಡು. ಆಗ ಟೈರಿನ ಹಿಡಿತವೆಲ್ಲ ತಿರುಗುವುದಕ್ಕೇ ಸಿಗುತ್ತದೆ.

ಅರ್ಧ ದಾರಿಯಲ್ಲಿ ಬಂಡೆಯ ನೆರಳಿಗೆ ಕೂತಾಗ ನಾನು ಆರನ್ ಗ್ವಿನ್ ಕಥೆ ಹೇಳಿದೆ. 2015ರಲ್ಲಿ ಆಸ್ಟ್ರಿಯಾದ ಲಿಯೋಗಾಂಗ್‌ನಲ್ಲಿ ವರ್ಲ್ಡ್ ಕಪ್. ಅಮೆರಿಕದ ಈ ಸವಾರ ಗೇಟು ಬಿಟ್ಟ ಕೂಡಲೇ ಚೈನ್ ತುಂಡಾಯಿತು. ಪೆಡಲ್ ತುಳಿಯುವ ಹಾಗೇ ಇಲ್ಲ. ಆದರೂ ಆತ ನಿಲ್ಲಿಸಲಿಲ್ಲ. ಬರೀ ಇಳಿಜಾರಿನ ವೇಗ ಕಾಪಾಡಿಕೊಂಡು ಕೆಳಗೆ ಬಂದ. ಎರಡನೆಯವನಿಗಿಂತ ಸೆಕೆಂಡಿನ ಹತ್ತನೇ ಒಂದು ಭಾಗವೂ ಇಲ್ಲದ ಅಂತರದಲ್ಲಿ ಗೆದ್ದ.

ಮಾವ ಬೀಡಿ ಹಚ್ಚುವುದನ್ನೂ ಮರೆತರು. "ಚೈನ್ ಇಲ್ಲದ ಗಾಡಿ ಗೆದ್ದೈತಾ? ಹಂಗಾದ್ರ ಅಂವ ಬ್ರೇಕ್ ಎಲ್ಲಿ ಹಿಡಿದ, ಅದನ್ನ ನೋಡ್ಬೇಕು ನೀನು." ಆ ವಿಡಿಯೋ ಎಷ್ಟೋ ಸಲ ನೋಡಿದ್ದೆ. ಪ್ರತಿ ಸಲ ಚೈನನ್ನೇ ನೋಡಿದ್ದೆ.

ಇಳಿಯುತ್ತಾ ಮಾವ ದಾರಿ ಬದಿಯಲ್ಲಿ ಕಲ್ಲು ಜೋಡಿಸುತ್ತಾ ಬಂದರು. ಒಂದರ ಮೇಲೊಂದು ಎರಡು ಕಲ್ಲು ಇದ್ದ ಕಡೆ ಮಾತ್ರ ಬ್ರೇಕ್. ಎರಡು ಕಿಲೋಮೀಟರಿನಲ್ಲಿ ಅಂಥ ಗುರುತು ಏಳು.

ರಾತ್ರಿ ಬ್ರೇಕ್ ಬಿಚ್ಚಿದೆ. ತಪ್ಪು ನನ್ನ ಬೆರಳಿನದು ಮಾತ್ರ ಆಗಿರಲಿಲ್ಲ. ಲಿವರ್ ಒತ್ತಿದಾಗ ಬ್ರೇಕ್ ಹಿಡಿಸುವ ಒಳಗಿನ ಎಣ್ಣೆ ಚಹಾದ ಬಣ್ಣಕ್ಕೆ ಬಂದಿತ್ತು. ನನ್ನ ಬ್ರೇಕಿಗೆ ಹಾಕುವುದು ಡಾಟ್ 4, ಮೋಟಾರ್ ಬೈಕಿಗೆ ಹಾಕುವುದೂ ಅದೇ. ಅದು ಗಾಳಿಯ ತೇವ ಹೀರುತ್ತದೆ. ಹೊಸದು ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಸೇರಿದರೆ ಅದು 155ಕ್ಕೆ ಇಳಿಯಬಹುದು. ಕುದ್ದರೆ ಪೈಪಿನಲ್ಲಿ ಆವಿ ತುಂಬುತ್ತದೆ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಲಿವರ್ ಸ್ಪಂಜಿನಂತಾಗಿದ್ದು ಅದಕ್ಕೇ. ಎರಡು ವರ್ಷದಲ್ಲಿ ನಾನು ಒಮ್ಮೆಯೂ ಎಣ್ಣೆ ಬದಲಿಸಿರಲಿಲ್ಲ. ಸೆಕೆಂಡ್ ಹ್ಯಾಂಡ್ ಸೈಕಲ್ ಕೊಳ್ಳುವವರು ಮೊದಲ ದಿನವೇ ಈ ಕೆಲಸ ಮಾಡಿ. ನಿಮ್ಮ ಬ್ರೇಕಿಗೆ ಡಾಟ್ ಬೇಕೋ ಮಿನರಲ್ ಆಯಿಲ್ ಬೇಕೋ ಅಂತ ಲಿವರ್ ಮೇಲೆ ನೋಡಿಕೊಳ್ಳಿ. ಒಂದರ ಬದಲು ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಹಾಳಾಗುತ್ತದೆ.

ಬೈಕ್ ಸ್ಪೇರ್ಸ್ ಅಂಗಡಿಯಿಂದ ಎಣ್ಣೆ, ಮೆಡಿಕಲ್ ಸ್ಟೋರಿನಿಂದ ಎರಡು ಸಿರಿಂಜ್ ತಂದಿದ್ದೆ. ಅಮ್ಮ ಟಾರ್ಚ್ ಹಿಡಿದು ನಿಂತಳು. ಗಾಳಿಗುಳ್ಳೆ ಒಂದೊಂದಾಗಿ ಹೊರಗೆ ಬಂದವು. ಮುಗಿಯುವಾಗ ಹನ್ನೆರಡು ದಾಟಿತ್ತು. ಹೊಸ ಡಿಸ್ಕ್, ಹೊಸ ಪ್ಯಾಡ್ ಕೊರಿಯರ್‌ನಲ್ಲಿ ಬರಲು ನಾಲ್ಕು ದಿನ ಬೇಕಾಯಿತು.

ಮುಂದಿನ ಭಾನುವಾರ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಹೋದೆ. ಮೊದಲ ಸಲ ಎರಡನೇ ಗುರುತಿನ ಮೊದಲೇ ಬೆರಳು ತಾನಾಗಿ ಒತ್ತಿತು. ನಿಲ್ಲಿಸಿ, ಸೈಕಲ್ ತಳ್ಳಿಕೊಂಡು ಹಿಂದೆ ಹೋಗಿ, ಮತ್ತೆ ಬಂದೆ. ಬ್ರೇಕ್ ಬಿಟ್ಟಾಗ ಆಗುವುದು ನಾನು ಅಂದುಕೊಂಡಿದ್ದಕ್ಕೆ ಉಲ್ಟಾ. ಚಕ್ರ ಕಲ್ಲಿನ ಮೇಲೆ ಹಗುರಾಗಿ ಹತ್ತಿ ಇಳಿಯುತ್ತದೆ. ಸಸ್ಪೆನ್ಷನ್ ಸರಾಗ ಆಡುತ್ತದೆ. ಕೈಗೆ ಹೊಡೆತ ಕಡಿಮೆ. ಹೆದರಿಕೆ ಮಾತ್ರ ಎದೆಯಲ್ಲಿ ಹಾಗೇ ಇರುತ್ತದೆ, ಏಳನೇ ಗುರುತಿನವರೆಗೂ.

ಹಿಂದಿನ ವಾರ 4 ನಿಮಿಷ 21 ಸೆಕೆಂಡ್. ಆ ದಿನದ ಕೊನೆಯ ಸಲ 4 ನಿಮಿಷ 9 ಸೆಕೆಂಡ್. ಪೆಡಲ್ ಒಂದು ಸುತ್ತೂ ಜಾಸ್ತಿ ತುಳಿದಿರಲಿಲ್ಲ.

ರೇಸಿಗೆ ಮಾವ ಬರಲಾಗಲಿಲ್ಲ, ಅವತ್ತು ಟೊಮೆಟೊ ಲೋಡ್ ಇತ್ತು. ನಾನು ಒಂಬತ್ತನೆಯವನಾದೆ. ಅದಕ್ಕೂ ಹಿಂದಿನ ವರ್ಷ ಇಪ್ಪತ್ತರ ಒಳಗೂ ಇರಲಿಲ್ಲ. ಫಿನಿಶ್ ಗೆರೆಯ ಪಕ್ಕದಲ್ಲಿ ಹೆಲ್ಮೆಟ್ ತೆಗೆದು ಮಾವನಿಗೆ ಫೋನ್ ಹಚ್ಚಿದೆ. ಹಿಂದೆ ಮಾರ್ಕೆಟ್ಟಿನ ಗದ್ದಲ. ಎಷ್ಟನೆಯವನು ಅಂತ ಅವರು ಕೇಳಲೇ ಇಲ್ಲ.

"ಡಿಸ್ಕ್ ನೀಲಿ ಆಯ್ತೇನಲೇ ಅಳಿಯಾ?"

ಕೆಳಗೆ ಬಗ್ಗಿ ನೋಡಿದೆ.

"ಇಲ್ಲ ಮಾವ. ಬೆಳ್ಳಗೇ ಐತಿ."