ಗುಮಟ್ ಕೆಲಸ: ಕೊನೆಗೂ ಮಳೆಗೆ ಜಗ್ಗದ ಚರ್ಮ

ಜೂನ್ 8, ಕುಲಶೇಖರ, ಮಂಗಳೂರು

ನನ್ನ ಗುಮಟ್, ಅಂದರೆ ಮಣ್ಣಿನ ಮಡಕೆಯ ಬಾಯಿಗೆ ಚರ್ಮ ಕಟ್ಟಿದ ವಾದ್ಯ, ಮಳೆಯನ್ನು ತಡೆದುಕೊಂಡಿತು! ನಿನ್ನೆ ರಾತ್ರಿ ಇಡೀ ಜಗಲಿಯಲ್ಲಿ ಇಟ್ಟಿದ್ದೆ. ಎರಚಲು ಚೆನ್ನಾಗಿಯೇ ಹೊಡೆದಿತ್ತು. ಬೆಳಿಗ್ಗೆ ಬಾರಿಸಿ ನೋಡಿದರೆ ಸ್ವರ ಸ್ವಲ್ಪ ಇಳಿದಿತ್ತು, ಆದರೆ ಸತ್ತಿರಲಿಲ್ಲ. ಚರ್ಮ ಬಿಗಿ ಮಾಡಲು ಹಗ್ಗದಡಿ ಸಿಗಿಸಿದ ಮರದ ತುಂಡುಗಳಿಗೆ ಸುತ್ತಲೂ ಒಂದೊಂದು ಪೆಟ್ಟು ಕೊಟ್ಟೆ, ಹಳೇ ಸ್ವರ ವಾಪಸ್ ಬಂತು. ಹೆಂಡತಿಯನ್ನು ಎಬ್ಬಿಸಿ ಕೇಳಿಸಿದೆ. ಕಣ್ಣು ಬಿಡದೆಯೇ "ಹೂಂ, ಇದು ನಮ್ಮೂರಿನ ಸದ್ದು" ಅಂದಳು. ಅವಳ ಊರು ಗೋವಾದ ಸಿಯೋಲಿಂ. ನನಗೆ ಅಷ್ಟು ಸಾಕು.

ಹೋದ ಜೂನ್ 24ರಂದು ನಾನು ಅಲ್ಲಿ ಹೊಸ ಅಳಿಯ. ಅದು ಸ್ನಾನಿಕ ಯೊವಾನ್ನರ ಜನ್ಮದ ಹಬ್ಬ, ಗೋವಾದವರ ಸಾಂ ಜುವಾಂವ್. ಹೊಸ ಅಳಿಯನಿಗೆ ಆ ದಿನ ಅತ್ತೆ ಮನೆಯಲ್ಲಿ ವಿಶೇಷ ಮರ್ಯಾದೆ. ತಲೆಗೆ ಕೊಪೆಲ್, ಅಂದರೆ ಹೂ, ಎಲೆ, ಬಳ್ಳಿಯ ಕಿರೀಟ ಇಟ್ಟರು. ಬಣ್ಣಬಣ್ಣದ ವೇಷ ಹಾಕಿದ ಗುಂಪು "ವಿವಾ ಸಾಂ ಜುವಾಂವ್" ಅಂತ ಕೂಗುತ್ತಾ ಮನೆ ಮನೆಗೆ ಹೊರಟಿತು. ಬಾವಿ ಸಿಕ್ಕಲ್ಲೆಲ್ಲ ಹಾರಿದೆವು. ಮರಿಯಮ್ಮನವರ ದನಿ ಕೇಳಿ ಯೊವಾನ್ನರ ತಾಯಿ ಎಲಿಸಬೇತಳ ಹೊಟ್ಟೆಯಲ್ಲಿ ಮಗು ನಲಿದು ಜಿಗಿಯಿತಲ್ಲ, ಆ ಜಿಗಿತವೇ ಇದು ಅನ್ನುತ್ತಾರೆ. ಹೊಳೆಯಲ್ಲಿ ಸಾಂಗೋಡ್, ಅಂದರೆ ಜೋಡಿಸಿ ಸಿಂಗರಿಸಿದ ದೋಣಿಗಳು. ಮೇಲಿಂದ ಮಳೆ. ಜೋರ್ದಾನ್ ಹೊಳೆಯಲ್ಲಿ ನಿಂತು ಜನರಿಗೆ ದೀಕ್ಷಾಸ್ನಾನ ಕೊಟ್ಟ ಯೊವಾನ್ನರ ಹಬ್ಬದಲ್ಲಿ ನೀರಿಂದ ತಪ್ಪಿಸಿಕೊಳ್ಳಲು ಆಗುತ್ತದಾ?

ನಾನೇ ಚರ್ಮ ಕಟ್ಟಿದ್ದ ಗುಮಟ್ ಎರಡನೇ ಓಣಿಯಲ್ಲೇ ಜೋತುಬಿತ್ತು. ಒದ್ದೆ ಗೋಣಿ ಬಡಿದ ಸದ್ದು. ಮಾವ ಓಡಿ ಹೋಗಿ ಒಲೆಯ ಮುಂದೆ ಹಿಡಿದು ಬಿಸಿ ಮಾಡಿ ತಂದುಕೊಟ್ಟರು. ಹತ್ತು ನಿಮಿಷ ಬಾರಿಸಿತು. ಮತ್ತೆ ಒಲೆ. ಮೂರನೇ ಸಲಕ್ಕೆ ಅಂಚಿನಲ್ಲಿ ಟಪ್ ಅಂತ ಹರಿಯಿತು. ಅಷ್ಟು ಜನ ಕುಣಿಯುತ್ತಿರುವಾಗ ಕೈಯಲ್ಲಿ ಮೂಕ ಗುಮಟ್. ಆ ಸಂಕಟ ಬಾರಿಸುವವರಿಗೆ ಗೊತ್ತು.

ಮಂಗಳೂರಿಗೆ ಬಂದು ಎಷ್ಟೋ ಜನರನ್ನು ಕೇಳಿದೆ. ಯಾರ ಬಳಿಯೂ ಉಪಾಯ ಇರಲಿಲ್ಲ. ಕಾರಣ ಆಮೇಲೆ ಹೊಳೆಯಿತು. ನಮ್ಮಲ್ಲಿ ಗುಮಟ್ ಬಾರಿಸುವುದು ಮದುವೆಗೆ ಮುಂಚಿನ ರೋಸ್ ಶಾಸ್ತ್ರಕ್ಕೆ, ಚಪ್ಪರದ ಅಡಿಯಲ್ಲಿ. ಕುಡುಬಿ ಸಮುದಾಯದವರ ಗುಮಟೆ ಕುಣಿತ ಹೋಳಿಗೆ, ಒಣ ಬಿಸಿಲಿನ ಕಾಲದಲ್ಲಿ. ಗೋವಾದಲ್ಲಿ ಚೌತಿಯ ಆರತಿಗೆ ಬಾರಿಸುವುದೂ ಮನೆಯೊಳಗೇ. ಗುಮಟ್ ಹಿಡಿದು ಮಳೆಗೆ ಇಳಿಯುವ ಹಬ್ಬ ಸಾಂ ಜುವಾಂವ್.

ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. ಆ ನಾದವನ್ನು ಹಿರಿಯರು ಇವತ್ತಿಗೂ ನೆನೆಯುತ್ತಾರೆ. ಆದರೆ ಉಡಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಇರಲೇಬೇಕು. ಒಂದು ನಾದಕ್ಕಾಗಿ ಒಂದು ಜೀವಿಯ ಸಂತತಿಯನ್ನೇ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. 2019ರಲ್ಲಿ ಗೋವಾ ಸರ್ಕಾರ ಗುಮಟನ್ನು ಪಾರಂಪರಿಕ ವಾದ್ಯ ಎಂದು ಘೋಷಿಸಿತು. ಈಗ ಅಲ್ಲೂ ಇಲ್ಲೂ ಆಡಿನ ಚರ್ಮವೇ. ಆದರೆ ಅದು ಗಾಳಿಯ ಪಸೆಯನ್ನೂ ಕುಡಿದು ಹಿಗ್ಗುತ್ತದೆ. ಬಿಗಿ ಹೋದರೆ ಸ್ವರವೂ ಹೋಯಿತು.

ಮೊದಲು ಜೇನುಮೇಣ ಸವರಿದೆ. ನೀರು ತಡೆಯಿತು, ನಾದವನ್ನೂ ತಡೆಯಿತು. ಪ್ಲಾಸ್ಟಿಕ್ ಹಾಳೆಯಲ್ಲಿ ಡಬ್ಬದ ಸದ್ದು. ಕಡೆಗೆ ಅನ್ನಿಸಿತು, ಚರ್ಮ ಹಿಗ್ಗುವುದನ್ನು ನಿಲ್ಲಿಸುವುದು ಬೇಡ, ಹಿಗ್ಗಿದಾಗ ಎಳೆದರಾಯಿತು. ಚೆಂಡೆಯಲ್ಲಿ ಚರ್ಮ ಬಳೆಗೆ ಕೂತಿರುತ್ತದೆ, ಹಗ್ಗ ಬಳೆಯನ್ನು ಎಳೆಯುತ್ತದೆ. ತಬಲಾದಲ್ಲಿ ಪಟ್ಟಿಯ ಅಡಿ ಮರದ ತುಂಡು ಸಿಗಿಸಿ ಬಿಗಿ ಮಾಡುತ್ತಾರೆ. ಇವೆರಡನ್ನೂ ಸೇರಿಸಿದೆ.

ಬಳೆಯೇ ನಾಲ್ಕು ತಿಂಗಳು ತಿಂದಿತು. ಮೊದಲ ಬಳೆ 6 ಮಿ.ಮೀ. ಕಬ್ಬಿಣದ ಸರಳಿನದು. ವೆಲ್ಡಿಂಗ್ ಅಂಗಡಿಯವರು "ನಾಳೆ ಬನ್ನಿ" ಅಂತ ಮೂರು ವಾರ ನಡೆಸಿದರು, ಕೊನೆಗೆ ಕೊಟ್ಟದ್ದು ಮೊಟ್ಟೆಯಾಕಾರ. ಎರಡನೆಯದು ಸ್ಟೀಲ್, ಸರಿಯಾಗಿ ದುಂಡಗಿತ್ತು. ಆದರೂ ಒಂದು ಬದಿಯಲ್ಲಿ ಝೇಂಕಾರ. ಅಳತೆ ಪಟ್ಟಿ ಹಿಡಿದಾಗ ಗೊತ್ತಾಯಿತು, ಕೈಯಲ್ಲಿ ತಟ್ಟಿದ ಮಡಕೆಯ ಬಾಯಿ ದುಂಡಗಿಲ್ಲ! ಒಂದು ಕಡೆ 4 ಮಿ.ಮೀ. ವ್ಯತ್ಯಾಸ. ದುಂಡು ಬಳೆ ಅಲ್ಲಿ ಸರಿಯಾಗಿ ಕೂರುವುದೇ ಇಲ್ಲ.

ಬೆತ್ತ! ಬುಟ್ಟಿ ಹೆಣೆಯುವವರ ಹತ್ತಿರ ಒಂದು ಗಳ ಬೆತ್ತ ತಂದೆ. ರಾತ್ರಿ ನೆನೆಹಾಕಿ ಮಡಕೆಯ ಬಾಯಿಗೇ ಸುತ್ತಿ ಒಣಗಲು ಬಿಟ್ಟೆ. ಮಡಕೆಯ ಸೊಟ್ಟ ಎಲ್ಲಿದೆಯೋ ಬೆತ್ತದ ಸೊಟ್ಟವೂ ಅಲ್ಲೇ ಬಂತು. ಅದಕ್ಕೆ ಚರ್ಮ ಸುತ್ತಿ, ಹೊಟ್ಟೆಯ ಕೆಳಗೆ ಇನ್ನೊಂದು ಬಳೆ ಹಾಕಿ, ನಡುವೆ ನೈಲಾನ್ ಹಗ್ಗ ಕಟ್ಟಿದೆ. ಹಗ್ಗದಡಿ ಹಲಸಿನ ಮರದ 8 ತುಂಡು. ತುಂಡು ಜಾರಿಸುವಾಗ ಮಣ್ಣು ಬಿರಿಯಬಾರದೆಂದು ಅಡಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ. ಕೊರಳಿಗೆ ಹಾಕಿಕೊಂಡಾಗ ಒಂದು ತುಂಡು ಸೀದಾ ಪಕ್ಕೆಗೆ ಒತ್ತಿತು. ಅದನ್ನು ತೆಗೆದೆ, ಈಗ 7.

ಚರ್ಮದ ಬಗ್ಗೆ ಒಂದು ಮಾತು. ಎಳೆ ಆಡಿನ ತೆಳು ಚರ್ಮ ಅಂತ ಹೇಳಿ ದುಡ್ಡು ತೆಗೆದುಕೊಂಡವರು ಕಳಿಸಿದ್ದು ಚಪ್ಪಲಿ ಅಟ್ಟೆಯಷ್ಟು ದಪ್ಪ. ಕೈಯಲ್ಲಿ ಮುಟ್ಟದೆ ಚರ್ಮ ಕೊಳ್ಳಲೇಬೇಡಿ.

ಮುಂದೆ ಮ್ಹಾದಳೆಂ ಮಾಡಬೇಕು, ಎರಡೂ ಬಾಯಿಗೆ ಚರ್ಮ ಇರುವ ಮಣ್ಣಿನ ವಾದ್ಯ. ಎರಡು ಬೆತ್ತ, ಒಂದೇ ಹಗ್ಗ. ಒಂದು ಬದಿ ಬಿಗಿ ಮಾಡಿದರೆ ಇನ್ನೊಂದು ಏನಾಗುತ್ತದೆ? ಚಿತ್ರ ಬಿಡಿಸುತ್ತಾ ಕೂತರೆ ನಿದ್ದೆ ಬರುವುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ, ಅಂದರೆ ಮರಿಯಮ್ಮನವರ ಜನ್ಮದ ಹಬ್ಬದ ಒಳಗೆ ಒಂದು ಮಾಡಿಯೇ ತೀರುತ್ತೇನೆ.

ಸದ್ಯಕ್ಕೆ ಇದೇ ಗುಮಟಿಗೆ ಇನ್ನೊಂದು ಬಿಡಿ ಚರ್ಮ ಬಕೆಟ್ಟಿನಲ್ಲಿ ನೆನೆಯುತ್ತಿದೆ. 22ರ ರಾತ್ರಿ ರೈಲು. ಮಾವನಿಗೆ ಫೋನ್ ಮಾಡಿ ಹೇಳಿದೆ. "ಒಲೆ ಹಚ್ಚಿಡಲಾ?" ಅಂತ ಕೇಳಿದರು. ಬೇಡ ಮಾವ, ಒಂದು ಸಣ್ಣ ಸುತ್ತಿಗೆ ಇದ್ದರೆ ಸಾಕು ಅಂದೆ.