ಆಯಾ ಬರದ ದಿನ ಮಗು ಯಾರ ಹತ್ತಿರ?

ಬೆಳಗ್ಗೆ ಆರೂವರೆಗೆ "ಅಕ್ಕಾ, ಇವತ್ತು ಬರಕ್ಕಾಗಲ್ಲ" ಅಂತ ಫೋನ್ ಬಂದ ಮೇಲೆ ಯಾರನ್ನಾದರೂ ಹುಡುಕೋಣ ಅನ್ನುವುದು ಬೆಂಗಳೂರಿನಲ್ಲಿ ಆಗುವ ಮಾತಲ್ಲ. ಎಂಟಕ್ಕೆ ಕ್ಯಾಬ್ ಬಾಗಿಲಲ್ಲಿರುತ್ತದೆ. ಬದಲಿ ಏರ್ಪಾಡು ಏನಿದ್ದರೂ ಎಲ್ಲ ಸರಿಯಾಗಿ ನಡೆಯುತ್ತಿರುವ ವಾರದಲ್ಲೇ ಮಾಡಿಟ್ಟಿರಬೇಕು.

ಕೈಕೊಡುವುದರಲ್ಲಿ ಮೂರು ಬಗೆ: ಆಯಾ ಬರಲಿಲ್ಲ, ಡೇಕೇರ್ ಮುಚ್ಚಿದೆ, ಮಗುವಿಗೇ ಹುಷಾರಿಲ್ಲ. ಒಂದಕ್ಕೆ ಒದಗುವ ಬದಲಿ ಇನ್ನೊಂದಕ್ಕೆ ಒದಗುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಎರಡನೇ ಡೇಕೇರ್‌ನಲ್ಲಿ ಹೆಸರು ಬರೆಸಿಟ್ಟರೆ ಆಯಾ ಬರದ ದಿನಕ್ಕೆ ಆಯಿತು. ಆದರೆ 2023ರ ಸೆಪ್ಟೆಂಬರ್‌ನಲ್ಲಿ ಕಾವೇರಿ ವಿಚಾರಕ್ಕೆ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್ ಆಯಿತಲ್ಲ, ಅಂಥ ದಿನ ಒಂದು ಮುಚ್ಚಿದರೆ ಇನ್ನೊಂದೂ ತೆರೆಯುವುದು ಅನುಮಾನವೇ. ಜ್ವರದ ಮಗುವನ್ನಂತೂ ಡೇಕೇರ್‌ನವರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಔಷಧಿ ಇಲ್ಲದೆ 24 ಗಂಟೆ ಜ್ವರ ಬಿಟ್ಟಿರಬೇಕು ಅನ್ನುವುದು ಸಾಮಾನ್ಯ ನಿಯಮ. ಆ ದಿನಗಳಿಗೆ ಮನೆಗೇ ಬರುವವರೊಬ್ಬರು ಬೇಕು, ಇಲ್ಲವೇ ಅಪ್ಪ ಒಂದೂವರೆತನಕ, ಅಮ್ಮ ಆಮೇಲೆ ಅಂತ ಹಂಚಿಕೊಳ್ಳಬೇಕು. ಯಾರ ಯಾವ ಮೀಟಿಂಗ್ ತಪ್ಪಿಸುವ ಹಾಗಿಲ್ಲ ಅನ್ನುವುದನ್ನು ಭಾನುವಾರ ರಾತ್ರಿಯೇ ಮಾತಾಡಿಕೊಂಡಿದ್ದರೆ ಸೋಮವಾರದ ಜಗಳ ತಪ್ಪುತ್ತದೆ.

ಆಯಾಗೆ ಬದಲಿ ಹುಡುಕಲು ಏಜೆನ್ಸಿಗಿಂತ ಆಯಾನೇ ವಾಸಿ. ಅವರ ನಾದಿನಿಯೋ ಪಕ್ಕದ ಮನೆಯವರೋ ಇರುತ್ತಾರೆ, ಕೇಳಿ. ಸಿಕ್ಕವರನ್ನು ಒಂದು ಶನಿವಾರ ಬೆಳಗ್ಗೆ ಆಯಾ ಇರುವಾಗಲೇ ಕರೆಸಿ, ಆ ಅರ್ಧ ದಿನಕ್ಕೂ ದುಡ್ಡು ಕೊಡಿ. ಬಾಟಲಿ ಎಲ್ಲಿ, ಗ್ಯಾಸ್ ಹೇಗೆ ಆಫ್ ಮಾಡುವುದು, ರಾಗಿ ಸರಿ ಎಷ್ಟು ತೆಳ್ಳಗಿರಬೇಕು, ಯಾವ ಹಾಡಿಗೆ ಮಗು ಮಲಗುತ್ತದೆ, ಇದೆಲ್ಲ ಫೋನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಮನೆಗೆಲಸದವರ ಪೊಲೀಸ್ ಪರಿಶೀಲನೆಗೆ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಇನ್ನೊಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ: ರಜೆ ಹಾಕಿದರೆ ಸಂಬಳ ಹಿಡಿಯುವ ಮನೆಗೇ ಆರೂವರೆಯ ಫೋನ್ ಹೆಚ್ಚು. ತಿಂಗಳಿಗೆ ಎರಡು ದಿನ ಸಂಬಳಸಹಿತ ರಜೆ ಕೊಟ್ಟು, ಊರ ಜಾತ್ರೆ, ಗೌರಿ ಹಬ್ಬ, ದಸರಾಕ್ಕೆ ಯಾವಾಗ ಹೊರಡುತ್ತೀರಿ ಅಂತ ಮೊದಲೇ ಕೇಳಿ ಕ್ಯಾಲೆಂಡರಿನಲ್ಲಿ ಬರೆದುಕೊಂಡರೆ ಅರ್ಧ ರಗಳೆ ಅಲ್ಲೇ ಕಡಿಮೆ.

ದಿನದ ಲೆಕ್ಕದಲ್ಲಿ ಮಗುವನ್ನು ಬಿಟ್ಟುಕೊಳ್ಳುವ ಡೇಕೇರ್ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರಲಿ. ಆಫೀಸಿನ ಪಕ್ಕ ಇದ್ದರೆ ಅಜ್ಜಿಯೋ ಪಕ್ಕದ ಮನೆಯವರೋ ಹೋಗಿ ಕರೆತರಲಾರರು. ನೀವು ಸಂಜೆ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಮುಚ್ಚುವ ಹೊತ್ತಾಗಿರುತ್ತದೆ. ಅದೇ ಬೆಳಗ್ಗೆ ಹೇಳಿದರೆ ಜಾಗ ಕೊಡುತ್ತಾರಾ, ಎಷ್ಟು ಗಂಟೆಯೊಳಗೆ ಹೇಳಬೇಕು, ತಡವಾದರೆ ದಂಡವೆಷ್ಟು, ಕೇಳಿಕೊಳ್ಳಿ. ಅರ್ಜಿ, ಲಸಿಕೆ ಕಾರ್ಡಿನ ಪ್ರತಿ, ಫೋಟೊ ಎಲ್ಲ ಮುಂಚೆಯೇ ಕೊಟ್ಟಿಡಿ. ಎರಡು ಸಲ ಎರಡೆರಡು ಗಂಟೆ ನೀವೂ ಜೊತೆಗಿದ್ದು, ಮೂರನೇ ಸಲ ಒಂಟಿಯಾಗಿ ಬಿಡಿ. ಎಂಟು ತಿಂಗಳಿಂದ ಒಂದೂವರೆ ವರ್ಷದವರೆಗಿನ ಮಕ್ಕಳು ಅಪರಿಚಿತರನ್ನು ಕಂಡರೆ ತೀರಾ ಅಳುವ ವಯಸ್ಸು. ಮುಖಪರಿಚಯವಿಲ್ಲದ ಜಾಗದಲ್ಲಿ ಇಡೀ ದಿನ ಬಿಟ್ಟರೆ ಊಟವೂ ಇಲ್ಲ, ನಿದ್ದೆಯೂ ಇಲ್ಲ, ಹನ್ನೊಂದೂವರೆಗೆಲ್ಲ "ಬಂದು ಕರಕೊಂಡು ಹೋಗಿ" ಅಂತ ಫೋನ್. ಕರೆತರಲು ಯಾರಿಗೆ ಅನುಮತಿ ಅನ್ನುವ ಪಟ್ಟಿಯಲ್ಲಿ ಬದಲಿ ಜನರ ಫೋಟೊ ಇರಬೇಕು. ಮಗುವನ್ನು ಕಳಿಸುವ ಮುಂಚೆ ಡೇಕೇರ್‌ನವರು ಕೇಳುವ ಒಟಿಪಿ ನಿಮ್ಮ ಮೊಬೈಲಿಗೆ ಬಂದು, ಅದು ಮೀಟಿಂಗ್‌ನಲ್ಲಿ ಸೈಲೆಂಟಾಗಿದ್ದರೆ ತಾತ ಗೇಟಿನಲ್ಲೇ ನಿಂತಿರಬೇಕಾಗುತ್ತದೆ.

ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ: ಮಗುವಿನ ತೂಕ, ಅಲರ್ಜಿ, ಮಕ್ಕಳ ಡಾಕ್ಟರ ನಂಬರು, ತುರ್ತಿಗೆ 112. ಅದರಲ್ಲಿ ಜಾಗ್ರತೆ ಬೇಕಾದ್ದು ಪ್ಯಾರಾಸಿಟಮಾಲ್ ವಿಷಯದಲ್ಲಿ. ಒಂದು ಸಿರಪ್‌ನಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ ಇದ್ದರೆ ಇನ್ನೊಂದರಲ್ಲಿ 250. ಹನಿ ಬಾಟಲಿಯಲ್ಲಿ 1 ಎಂಎಲ್‌ಗೇ 100. ಡಾಕ್ಟರು 150 ಮಿಲಿಗ್ರಾಂ ಹೇಳಿದ್ದರೆ ಅದು ಮೊದಲನೆಯದರಲ್ಲಿ 6 ಎಂಎಲ್, ಎರಡನೆಯದರಲ್ಲಿ 3, ಹನಿಯಲ್ಲಿ ಒಂದೂವರೆ. "ಆರು ಎಂಎಲ್ ಕೊಡಿ" ಅಂತ ಮಾತ್ರ ಬರೆದು, ಮನೆಯಲ್ಲಿ ಹನಿ ಬಾಟಲಿ ಇದ್ದರೆ ನಾಲ್ಕು ಪಟ್ಟು ಹೋಗುತ್ತದೆ. ಮನೆಯಲ್ಲಿ ಒಂದೇ ಬಾಟಲಿ ಇಡಿ, ಅದರ ಹೆಸರು, ಅಳತೆ ಬರೆಯಿರಿ, ಕೊಟ್ಟ ಹೊತ್ತು ಬರೆದಿಡಲು ಪಕ್ಕದಲ್ಲೇ ಪೆನ್ನು ಕಟ್ಟಿರಿ. ಹಿಂಡಿಟ್ಟ ಎದೆಹಾಲು ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ; ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಬೇಕು, ಮೈಕ್ರೋವೇವ್ ಬೇಡ.

ಊರಿಂದ ಅಜ್ಜಿಯನ್ನು ಕರೆಸುವುದು ಎರಡನೇ ದಿನದಿಂದ ಸಿಗುವ ಸಹಾಯ. ಹುಬ್ಬಳ್ಳಿಯಿಂದ ರಾತ್ರಿ ಹೊರಟವರು ಮೆಜೆಸ್ಟಿಕ್ ತಲುಪುವುದು ಮರುದಿನ ಬೆಳಗ್ಗೆ. ಶಕ್ತಿ ಯೋಜನೆ ಸ್ಲೀಪರ್, ರಾಜಹಂಸಕ್ಕೆ ಇಲ್ಲ, ಹಾಗಂತ ಬಿಟ್ಟಿ ಬಸ್ಸಿನಲ್ಲಿ ರಾತ್ರಿಯಿಡೀ ಕೂರಿಸಿ ಕರೆತಂದು ಅವತ್ತೇ ಮಗು ಕೈಗೆ ಕೊಡಬೇಡಿ.

ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಬರಬಹುದು ಅಂತ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿತ್ತು; 2025ರ ನವೆಂಬರ್‌ನಿಂದ ಆ ನಿಯಮ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಎಚ್‌ಆರ್‌ಗೆ ಒಂದು ಇಮೇಲ್ ಹಾಕಿ: ಒಂದು ದಿನದ ಮಟ್ಟಿಗೆ ಬಿಡಬಹುದೇ, ಎಷ್ಟು ತಿಂಗಳ ಮಗುವಿನಿಂದ, ಅಪ್ಪನ ಲೆಕ್ಕದಲ್ಲೂ ಸಿಗುತ್ತದೆಯೇ?